ಮಲೆನಾಡಿನ ಮಳೆ, ಬಯಲುಸೀಮೆಯ ಗಂಡಿ

ಸಂಡೂರು ತಾಲ್ಲೂಕಿನ ಚೋರನೂರು ಹೋಬಳಿಯ ರೈತರಿಗೆ ಮುಂಗಾರು ಎಂದರೆ ಅಳುಕಿನ ಕಾಲ. ಮೋಡಗಳು ತಮ್ಮ ಹೊರೆಯನ್ನೆಲ್ಲ ಪಶ್ಚಿಮ ಘಟ್ಟದ ಮೇಲೆ ಇಳಿಸಿ, ಹಗುರಾಗಿ ಇತ್ತ ತೇಲಿ ಬರುತ್ತವೆ. ಬಳ್ಳಾರಿ ಸೀಮೆಯ ಬಯಲಿಗೆ ವರ್ಷಕ್ಕೆ ದಕ್ಕುವುದು ಹೆಚ್ಚೆಂದರೆ 500–600 ಮಿಲಿಮೀಟರ್ ಮಳೆ. ಸಂಡೂರಿನ ಬೆಟ್ಟಗಳ ಮಗ್ಗುಲಿಗೆ ಅದಕ್ಕಿಂತ ತುಸು ಹೆಚ್ಚು. ಜೋಳ, ಸಜ್ಜೆ, ಶೇಂಗಾ ಬೆಳೆಯುವ, ಬಿಟ್ಟರೆ ಬಳ್ಳಾರಿ ಜಾಲಿಯೇ ಆವರಿಸಿಕೊಳ್ಳುವ ಈ ನೆಲವನ್ನು ಮರುಭೂಮಿ ಎನ್ನಲಾಗದು. ಆದರೂ ಮರುಭೂಮಿಯ ಕಮರಿಗಳನ್ನು ಕಾಲ್ನಡಿಗೆಯಲ್ಲೋ ದೋಣಿಯಲ್ಲೋ ನೋಡಿಬಂದವರು ಹೇಳುವ ಸೊಗಸು, ಬಿಸಿಲು, ದಿಗಿಲು ಎಲ್ಲವೂ ಇಲ್ಲಿವೆ. ಸಂಡೂರಿನಲ್ಲಿ ಬೆಟ್ಟ ಸೀಳಿದ ಗಂಡಿಗಳಿವೆ. ಹಂಪಿ–ಆನೆಗೊಂದಿಯ ನಡುವೆ ಬಂಡೆಗಳ ಸಂದಿನಲ್ಲಿ ನುಗ್ಗುವ ತುಂಗಭದ್ರೆ ಇದ್ದಾಳೆ.

ಒಣನಾಡಿನ ಕಮರಿಗಳನ್ನು ಅರಿಯಲು ಒಂದು ಸಂಗತಿ ಮೊದಲು ತಿಳಿದಿರಬೇಕು. ಅವುಗಳಲ್ಲಿ ಹರಿಯುವ ದೊಡ್ಡ ನದಿಗಳ ನೀರು ಬಹುಪಾಲು ಆ ನೆಲದ್ದಲ್ಲ. ಅಮೆರಿಕದ ಗ್ರ್ಯಾಂಡ್ ಕ್ಯಾನಿಯನ್ ಅನ್ನು ಕೊರೆದ ಕೊಲೊರಾಡೊ ನದಿ ರಾಕಿ ಪರ್ವತಗಳ ಹಿಮದ ನೀರನ್ನು ಹೊತ್ತು ಮರಳುಗಾಡಿಗೆ ಬರುತ್ತದೆ. ತುಂಗಭದ್ರೆಯ ಕಥೆಯೂ ಹಾಗೆಯೇ. ತುಂಗೆ, ಭದ್ರೆ ಎರಡೂ ಕುದುರೆಮುಖ ಸೀಮೆಯ ಗಂಗಾಮೂಲದಲ್ಲಿ ಹುಟ್ಟಿ, ಶಿವಮೊಗ್ಗದ ಬಳಿಯ ಕೂಡಲಿಯಲ್ಲಿ ಒಂದಾಗಿ, ನೂರಾರು ಕಿಲೋಮೀಟರ್ ಹರಿದು ಹೊಸಪೇಟೆಗೆ ಬರುತ್ತವೆ. ಹಾಗಾಗಿ ಹಂಪಿಯಲ್ಲಿ ನೆತ್ತಿ ಸುಡುವ ಬಿಸಿಲಿದ್ದಾಗಲೂ ನದಿ ಕೆಂಪಗೆ ಉಕ್ಕಬಹುದು. ಇಲ್ಲಿನ ಪ್ರಯಾಣದ ಸುಖ, ಅಪಾಯ, ಆಡಳಿತದ ತೊಡಕುಗಳೆಲ್ಲ ಈ ಒಂದು ಸಂಗತಿಯ ಸುತ್ತಲೇ ಇವೆ.

ಸಂಡೂರಿನ ನಡಿಗೆಯಿಂದ ಶುರುಮಾಡುವುದು ಒಳ್ಳೆಯದು. ಎರಡು ಬೆಟ್ಟಸಾಲುಗಳು ಹೆಚ್ಚುಕಡಿಮೆ ಜೊತೆಜೊತೆಯಾಗಿ ಸಾಗಿ, ನಡುವೆ ಉದ್ದನೆಯ ಕಣಿವೆಯನ್ನು ಸೆರೆಹಿಡಿದಿವೆ. ಆ ಗೋಡೆಯನ್ನು ಒಡೆದದ್ದು ನಾರಿಹಳ್ಳ. ವರ್ಷದ ಬಹುಕಾಲ ಸೊರಗಿ ಹರಿಯುವ ಈ ಹಳ್ಳ ಬೆಟ್ಟವನ್ನು ಸೀಳಿದ ಜಾಗಗಳೇ ಉಬ್ಬಳಗಂಡಿ ಮತ್ತು ಭೀಮಗಂಡಿ. ಎರಡೂ ಕಡೆ ಕಡಿದಾದ ಬಂಡೆಗೋಡೆ, ನಡುವೆ ಕಿರಿದಾದ ದಾರಿ, ತಳದಲ್ಲಿ ನೀರು. ಗೋಡೆಯ ಕಲ್ಲಿನಲ್ಲಿ ಕೆಂಪು, ಕಂದು, ಬೂದು ಬಣ್ಣದ ಪಟ್ಟೆಗಳು ಒಂದರ ಮೇಲೊಂದು ಸಾಗುತ್ತವೆ. ಸುಮಾರು 270 ಕೋಟಿ ವರ್ಷಗಳ ಹಿಂದೆ ಸಮುದ್ರದ ತಳದಲ್ಲಿ ಕಬ್ಬಿಣ ಮತ್ತು ಸಿಲಿಕಾ ಪದರ ಪದರವಾಗಿ ಕೂತು ಆದ ಶಿಲೆ ಇದು. ಸುತ್ತಲಿನ ಮೆದು ಶಿಲೆ ಸವೆದುಹೋಗಿ, ಕಬ್ಬಿಣ ತುಂಬಿದ ಈ ಗಟ್ಟಿ ಪದರ ಬೆಟ್ಟವಾಗಿ ಉಳಿಯಿತು. ಬಳ್ಳಾರಿಯ ಬಯಲಿನಲ್ಲಿ ನಿಂತು ಸಮುದ್ರದ ತಳವನ್ನು ಮುಟ್ಟಿ ನೋಡಬಹುದು ಎಂಬುದನ್ನು ಸಂಡೂರಿನ ಶಾಲೆ ಮಕ್ಕಳಿಗೆ ಯಾರಾದರೂ ಆ ಜಾಗಕ್ಕೇ ಕರೆದೊಯ್ದು ಹೇಳಬೇಕು.

ಈ ಸೀಮೆಯನ್ನು ಮೊದಲು ಶಾಸ್ತ್ರೀಯವಾಗಿ ನೋಡಿದವರಲ್ಲಿ ರಾಬರ್ಟ್ ಬ್ರೂಸ್ ಫೂಟ್ ಪ್ರಮುಖರು. 1863ರಲ್ಲಿ ಮದ್ರಾಸಿನ ಬಳಿಯ ಪಲ್ಲಾವರಂನಲ್ಲಿ ಹಳೆಶಿಲಾಯುಗದ ಕೈಕೊಡಲಿಯನ್ನು ಗುರುತಿಸಿದ ಭೂವಿಜ್ಞಾನಿ ಇವರೇ. ಬಳ್ಳಾರಿ ಜಿಲ್ಲೆಯ ಊರೂರು ಅಲೆದು ಅವರು ಬರೆದ ಭೂವಿಜ್ಞಾನದ ಗ್ರಂಥ 1895ರಲ್ಲಿ ಹೊರಬಂತು. ಸಂಡೂರಿನ ಅದಿರಿನ ಸಿರಿಯನ್ನು ದಾಖಲಿಸಿದ ಮೊದಲಿಗರಲ್ಲಿ ಅವರೊಬ್ಬರು. ಸಂಗನಕಲ್ಲಿನ ಸುತ್ತ ನವಶಿಲಾಯುಗದ ನೆಲೆಗಳಿಗೂ ಅವರು ಗಮನ ಸೆಳೆದರು. ಹೆಚ್ಚುಕಡಿಮೆ ನೂರು ವರ್ಷಗಳ ನಂತರ, 1980ರಿಂದ, ಸಂಶೋಧಕರಾದ ಜಾನ್ ಫ್ರಿಟ್ಜ್ ಮತ್ತು ಜಾರ್ಜ್ ಮಿಷೆಲ್ ಹಂಪಿಯ ಒಂದೊಂದು ಗೋಡೆ, ಬಾವಿ, ದಾರಿಯನ್ನೂ ವರ್ಷ ವರ್ಷ ಬಂದು ನಡೆದು ಅಳೆದು ನಕ್ಷೆಗೆ ಇಳಿಸಿದರು. ಕಾರ್ಲಾ ಸಿನೊಪೊಲಿ ಮತ್ತು ಕ್ಯಾಥ್ಲೀನ್ ಮಾರಿಸನ್ ಅವರ ತಂಡ ನಗರದ ಹೊರವಲಯದ ಹೊಲ, ಗುಡ್ಡಗಳನ್ನು ಸಾಲು ಹಿಡಿದು ನಡೆದು ನೂರಾರು ನೆಲೆಗಳನ್ನು ಗುರುತಿಸಿತು. ನಾರಿಹಳ್ಳದ ನೀರು ಸೇರುವ ದರೋಜಿ ಕೆರೆ ಮತ್ತು ಆ ಕಣಿವೆಯ ಕೃಷಿಚರಿತ್ರೆಯ ಬಗ್ಗೆ ಮಾರಿಸನ್ 2009ರಲ್ಲಿ ಪುಸ್ತಕವನ್ನೇ ಬರೆದರು. ಇವರೆಲ್ಲರ ಕೆಲಸ ನೋಡಿದರೆ ಒಂದು ಮಾತು ಧೈರ್ಯವಾಗಿ ಹೇಳಬಹುದು: ಈ ಭೂಮಿಯ ಬಗ್ಗೆ ನಮಗೆ ಗೊತ್ತಿರುವ ಬೆಲೆಯುಳ್ಳ ಸಂಗತಿಗಳಲ್ಲಿ ಬಹುಪಾಲು ನಡೆದವರಿಂದ ಬಂದವು.

ಸಂಡೂರಿನಲ್ಲಿ ನಡೆಯುವವರಿಗೆ ಗಂಡಿಗಳ ಜೊತೆಗೆ ಇನ್ನೂ ಎಷ್ಟೋ ಇದೆ. ಬಾದಾಮಿ ಚಾಲುಕ್ಯರ ಕಾಲದ ಪಾರ್ವತಿ ಗುಡಿ, ಕುಮಾರಸ್ವಾಮಿ ದೇವಾಲಯ, ಬಿಸಿಲುಕಾಲದಲ್ಲೂ ನೀರಿರುವ ಹರಿಶಂಕರ ತೀರ್ಥ, ಬ್ರಿಟಿಷರು ತಮ್ಮ ಸೈನಿಕರ ಆರೋಗ್ಯಧಾಮ ಮಾಡಿಕೊಂಡಿದ್ದ ರಾಮಗಡ. 1934ರಲ್ಲಿ ಇಲ್ಲಿಗೆ ಬಂದಿದ್ದ ಗಾಂಧೀಜಿ, ಸಂಡೂರನ್ನು ಸೆಪ್ಟೆಂಬರಿನಲ್ಲಿ ನೋಡಬೇಕೆಂದು ಹೇಳಿದರೆಂಬ ಮಾತು ಊರಿನಲ್ಲಿ ಇಂದಿಗೂ ಬಳಕೆಯಲ್ಲಿದೆ. ಆ ಸಲಹೆ ಈಗಲೂ ಸರಿಯೇ. ಮಳೆಗಾಲದ ಕೊನೆಯಲ್ಲಿ ಬೆಟ್ಟ ಹಸಿರಾಗಿರುತ್ತದೆ, ಬಿಸಿಲು ಹದವಾಗಿರುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ತಾಪಮಾನ 40 ಡಿಗ್ರಿ ಮೀರುವಾಗ ಇದೇ ಕಬ್ಬಿಣದ ಕಲ್ಲು ಕಾದ ಹಂಚು.

ಹಸಿರಿನ ಮಾತು ಬಂದಾಗ ಗಣಿಯ ಮಾತು ಬಿಡುವಂತಿಲ್ಲ. ಇಲ್ಲಿ ಮ್ಯಾಂಗನೀಸ್ ಗಣಿಗಾರಿಕೆ ಶುರುವಾದದ್ದು 20ನೇ ಶತಮಾನದ ಮೊದಲ ದಶಕದಲ್ಲಿ. ಮುಂದೆ ಕಬ್ಬಿಣದ ಅದಿರಿನ ಬೇಡಿಕೆ ಏರಿ, ಅಕ್ರಮದ ಪ್ರಮಾಣವೂ ಏರಿ, 2011ರ ಜುಲೈನಲ್ಲಿ ಲೋಕಾಯುಕ್ತ ನ್ಯಾಯಮೂರ್ತಿ ಸಂತೋಷ್ ಹೆಗ್ಡೆ ವರದಿ ಕೊಟ್ಟರು. ಅದೇ ತಿಂಗಳು ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆಗೆ ತಡೆ ಹಾಕಿತು. ಆಮೇಲೆ ಕಟ್ಟುಪಾಡುಗಳ ನಡುವೆ ಗಣಿಗಳು ಮತ್ತೆ ತೆರೆದವು. 2024ರಲ್ಲಿ ದೇವದಾರಿ ಬೆಟ್ಟದ ಗಣಿ ಯೋಜನೆ ಕೇಂದ್ರ ಮತ್ತು ರಾಜ್ಯಗಳ ನಡುವೆ ಜಗ್ಗಾಟಕ್ಕೆ ಕಾರಣವಾಯಿತು. ಗಂಡಿಗಳ ಗೋಡೆಯಲ್ಲಿರುವ ಶಿಲೆ ಮತ್ತು ಲಾರಿಯಲ್ಲಿ ಸಾಗುವ ಅದಿರು ಒಂದೇ ಕುಲದವು ಎಂಬುದೇ ಸಂಡೂರಿನ ಸಂಕಟ. ನಡೆಯಲು ಬಂದವರಿಗೆ ಇದರಿಂದ ನೇರ ತೊಡಕೂ ಇದೆ: ಬೆಟ್ಟದ ಬಹುಭಾಗ ಮೀಸಲು ಅರಣ್ಯ ಇಲ್ಲವೇ ಗಣಿ ಗುತ್ತಿಗೆ. ಎಲ್ಲಿ ಹೋಗಬಹುದು, ಯಾರ ಅನುಮತಿ ಬೇಕು ಎಂಬುದನ್ನು ಮೊದಲೇ ಅರಣ್ಯ ಇಲಾಖೆಯಲ್ಲಿ ಕೇಳಿಕೊಳ್ಳದೆ ಹೊರಟರೆ ಅರ್ಧದಾರಿಯಲ್ಲಿ ಹಿಂತಿರುಗಬೇಕಾಗುತ್ತದೆ.

ಹಂಪಿಯ ಶಿಲೆ ಬೇರೆಯೇ ಜಾತಿ. ರಾಮನಗರದ ಕಡೆಯಿಂದ ಉತ್ತರಕ್ಕೆ ನಾನ್ನೂರು ಕಿಲೋಮೀಟರಿನಷ್ಟು ಹಬ್ಬಿದ ಕ್ಲೋಸ್‌ಪೇಟ್ ಗ್ರಾನೈಟಿನ ಪಟ್ಟಿ ಇಲ್ಲಿಗೂ ಬರುತ್ತದೆ. ವಯಸ್ಸು ಸುಮಾರು 250 ಕೋಟಿ ವರ್ಷ. ಗ್ರ್ಯಾಂಡ್ ಕ್ಯಾನಿಯನ್ ತಳದ ಅತಿ ಹಳೆಯ ಶಿಲೆಗಳಿಗೂ 180 ಕೋಟಿ ವರ್ಷದ ಆಸುಪಾಸು. ಹಂಪಿಯ ಬಂಡೆ ಅವಕ್ಕಿಂತ ಎಷ್ಟೋ ಹಿರಿದು. ಒಂದರ ಮೇಲೊಂದು ಪೇರಿಸಿಟ್ಟಂತೆ ಕಾಣುವ ಗುಂಡುಗಳನ್ನು ಯಾವ ಭೂಕಂಪವೂ ಎಸೆದಿಲ್ಲ. ನೆಲದೊಳಗಿದ್ದಾಗಲೇ ಬಿರುಕುಗಳಲ್ಲಿ ನೀರಿಳಿದು, ಮೂಲೆಗಳು ಕೊಳೆತು ದುಂಡಗಾಗಿ, ಮೇಲಿನ ಮಣ್ಣು ಕೊಚ್ಚಿಹೋದ ಮೇಲೆ ಇದ್ದಲ್ಲೇ ಹೊರಗೆ ಕಂಡವು. ತುಂಗಭದ್ರೆ ಇವುಗಳ ನಡುವೆ ದಾರಿ ಹುಡುಕಿಕೊಂಡು, ಚಕ್ರತೀರ್ಥದ ಬಳಿ ತಿರುವು ತೆಗೆದುಕೊಂಡು, ಕೆಲವೆಡೆ ಒಡೆದು ಹಲವು ಕವಲಾಗಿ ಹರಿಯುತ್ತಾಳೆ. ಇಲ್ಲಿ ಸಾದಾ ದೋಣಿಗೆ ಕೆಲಸವಿಲ್ಲ. ಇಲ್ಲಿಗೆ ಹರಿಗೋಲೇ ಬೇಕು.

ಹರಿಗೋಲಿನ ರಚನೆಯಲ್ಲಿ ಇರುವ ಜಾಣ್ಮೆ ಗಮನಿಸುವಂಥದ್ದು. ಬಿದಿರಿನ ದಬ್ಬೆ ಸೀಳಿ ಬುಟ್ಟಿಯಂತೆ ಹೆಣೆದು, ಹೊರಮೈಗೆ ಹಿಂದೆ ಚಕ್ಕಳ ಹೊದಿಸುತ್ತಿದ್ದರು. ಈಗ ಪ್ಲಾಸ್ಟಿಕ್ ಚೀಲದ ಹಾಳೆ ಹೊದಿಸಿ ಡಾಂಬರು ಬಳಿಯುತ್ತಾರೆ. ಫೈಬರಿನವೂ ಬಂದಿವೆ. ತಳ ಚಪ್ಪಟೆ, ಆದ್ದರಿಂದ ಗೇಣು ನೀರಿನಲ್ಲೂ ತೇಲುತ್ತದೆ. ಮುಳುಗಿದ ಬಂಡೆಗೆ ತಾಗಿದರೆ ಬಿರಿಯದೆ ಬಾಗುತ್ತದೆ, ಸುತ್ತಿಕೊಂಡು ಜಾರುತ್ತದೆ. ಮೂತಿಯಿಲ್ಲದ ಈ ವಾಹನವನ್ನು ನೇರ ನಡೆಸುವುದು ಒಂದೇ ಹುಟ್ಟು ಹಿಡಿದ ಅಂಬಿಗನ ಕೈಚಳಕ. ಕೆಲಸ ಮುಗಿದ ಮೇಲೆ ಅದನ್ನು ಬೆನ್ನಿಗೆ ಕವುಚಿಕೊಂಡು ದಂಡೆ ಹತ್ತಿದರಾಯಿತು. ಕೃಷ್ಣದೇವರಾಯನ ಕಾಲದಲ್ಲಿ, 1520ರ ಸುಮಾರಿಗೆ, ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ ಇದನ್ನು ವಿವರವಾಗಿ ವರ್ಣಿಸಿದ್ದಾನೆ: ಬುಟ್ಟಿಯಂಥ ದುಂಡು ದೋಣಿ, ಹೊರಗೆ ಚರ್ಮ, ಹದಿನೈದಿಪ್ಪತ್ತು ಜನ ಕೂರಬಹುದು, ಕುದುರೆ ಎತ್ತುಗಳನ್ನೂ ದಾಟಿಸಬಹುದು, ಮತ್ತು ಅದು ಸುತ್ತುತ್ತಲೇ ಸಾಗುತ್ತದೆ ಎಂದು. ಐನೂರು ವರ್ಷಗಳ ನಂತರ ತಳವಾರಘಟ್ಟದಲ್ಲಿ ನಿಂತವರಿಗೆ ಆ ವರ್ಣನೆಯಲ್ಲಿ ಬದಲಿಸಬೇಕಾದದ್ದು ಚರ್ಮದ ಮಾತೊಂದೇ.

ಇದರ ಎದುರಿಗೆ ಜಾನ್ ವೆಸ್ಲಿ ಪೊವೆಲ್ ಸಾಹಸವನ್ನು ಇಟ್ಟು ನೋಡಬೇಕು. ಅಮೆರಿಕದ ಅಂತರ್ಯುದ್ಧದಲ್ಲಿ ಬಲಗೈ ಕಳೆದುಕೊಂಡಿದ್ದ ಈ ಅಧ್ಯಾಪಕ 1869ರ ಮೇ 24ರಂದು ನಾಲ್ಕು ದೋಣಿ, ಒಂಬತ್ತು ಜನ ಸಂಗಾತಿಗಳೊಂದಿಗೆ ಗ್ರೀನ್ ನದಿಯಲ್ಲಿ ಹೊರಟು, ಕೊಲೊರಾಡೊ ಸೇರಿ, ಗ್ರ್ಯಾಂಡ್ ಕ್ಯಾನಿಯನ್ ದಾಟಿ ಆಗಸ್ಟ್ ಕೊನೆಯಲ್ಲಿ ಹೊರಬಂದ. ಆ ಹೊತ್ತಿಗೆ ಉಳಿದದ್ದು ಎರಡು ದೋಣಿ, ಆರು ಜನ. ಇನ್ನೇನು ಮುಗಿಯಿತು ಎನ್ನುವಾಗ ನೀರಿನ ಭಯಕ್ಕೆ ದೋಣಿ ಬಿಟ್ಟು ಮೇಲೆ ಹತ್ತಿದ ಮೂವರು ದಾರಿಯಲ್ಲಿ ಕೊಲೆಯಾದರು. ಪೊವೆಲ್‌ನ ದೋಣಿಗಳು ಭಾರದ ಮರದವು. ನಿಂತ ನೀರಿಗೆ ಚೆನ್ನ, ಬಂಡೆಗಳ ಹರಿವಿಗೆ ತೀರಾ ಕಷ್ಟ. ಅನೇಕ ಕಡೆ ಅವನ್ನು ಹಗ್ಗ ಕಟ್ಟಿ ಇಳಿಸಬೇಕಾಯಿತು, ಹೊತ್ತು ಸಾಗಿಸಬೇಕಾಯಿತು. ನಮ್ಮ ಅಂಬಿಗರ ಹರಿಗೋಲು ಕೊಲೊರಾಡೊದ ಅಬ್ಬರಕ್ಕೆ ತಡೆಯುತ್ತಿತ್ತು ಎಂದು ಹೇಳಲಾಗದು. ಆದರೆ ತನ್ನ ನದಿಯ ಕಲ್ಲು, ಸುಳಿ, ಆಳಗಳನ್ನು ತಲೆಮಾರುಗಳಿಂದ ಓದಿಕೊಂಡು ರೂಪುಗೊಂಡ ದೋಣಿ ಅದು ಎಂಬುದರಲ್ಲಿ ಅನುಮಾನವಿಲ್ಲ. ಆ ಓದು ಪುಸ್ತಕದಲ್ಲಿಲ್ಲ. ಅಂಬಿಗರ ಮಕ್ಕಳು ಈಗ ಆಟೊ ಓಡಿಸಲು, ಹೋಟೆಲಿನಲ್ಲಿ ದುಡಿಯಲು ಹೋಗುತ್ತಿರುವಾಗ ಅದನ್ನು ಬರೆದಿಡುವ ಕೆಲಸ ತುರ್ತಿನದು. ಕನ್ನಡ ವಿಶ್ವವಿದ್ಯಾಲಯವೇ ಹಂಪಿಯಲ್ಲಿರುವಾಗ ಅದು ಆಗದಿದ್ದರೆ ನಷ್ಟ ದೊಡ್ಡದು.

ನದಿಯ ಓದನ್ನು ಬದಲಿಸಿದ್ದು ಅಣೆಕಟ್ಟು. 1945ರಲ್ಲಿ ಅಡಿಗಲ್ಲು ಬಿದ್ದ ತುಂಗಭದ್ರಾ ಜಲಾಶಯದಲ್ಲಿ 1953ರಲ್ಲಿ ನೀರು ನಿಂತಿತು. ಅಲ್ಲಿಂದೀಚೆಗೆ ಹಂಪಿಯ ಹರಿವು ಮಳೆಗಿಂತ ಹೆಚ್ಚಾಗಿ 33 ಕ್ರೆಸ್ಟ್ ಗೇಟುಗಳ ಮಾತು ಕೇಳುತ್ತದೆ. ಬೇಸಿಗೆಯಲ್ಲಿ ಮೊಣಕಾಲುದ್ದ ನೀರು, ಗೇಟು ತೆರೆದ ದಿನ ಪುರಂದರ ಮಂಟಪ ಮುಳುಗುವಷ್ಟು ಪ್ರವಾಹ. ಲಕ್ಷ ಕ್ಯೂಸೆಕ್ ಮೀರಿ ನೀರು ಬಿಟ್ಟ ವರ್ಷಗಳಲ್ಲಿ ಕಂಪ್ಲಿ–ಗಂಗಾವತಿ ಸೇತುವೆಯ ಮೇಲೇ ನದಿ ಹರಿದು ಸಂಚಾರ ನಿಲ್ಲುತ್ತದೆ. ಒಂಬತ್ತು ಯತಿಗಳ ಬೃಂದಾವನಗಳಿರುವ ನವಬೃಂದಾವನ ನಡುಗಡ್ಡೆಗೆ ಆಗ ದೋಣಿ ಹೋಗುವುದಿಲ್ಲ. 2024ರ ಆಗಸ್ಟ್ 10ರ ರಾತ್ರಿ 19ನೇ ಗೇಟಿನ ಸರಪಳಿ ತುಂಡಾಗಿ ಗೇಟೇ ಕೊಚ್ಚಿಹೋದಾಗ, ಜಲಾಶಯದ ಒತ್ತಡ ಇಳಿಸಲು ಉಳಿದ ಗೇಟುಗಳನ್ನೂ ತೆರೆಯಬೇಕಾಯಿತು. ಕೆಳದಂಡೆಯ ಊರುಗಳು ನಿದ್ದೆಯಲ್ಲಿದ್ದ ಹೊತ್ತು ಅದು. ತಜ್ಞ ಕನ್ನಯ್ಯ ನಾಯ್ಡು ಅವರ ನೇತೃತ್ವದಲ್ಲಿ ಹರಿವಿನ ನಡುವೆಯೇ ತಡೆಹಲಗೆಗಳನ್ನು ಇಳಿಸಿ ಒಂದು ವಾರದಲ್ಲಿ ನೀರು ನಿಲ್ಲಿಸಿದ್ದು ಎಂಜಿನಿಯರುಗಳ, ಕಾರ್ಮಿಕರ ಸಾಧನೆ. ಕೊಲೊರಾಡೊದಲ್ಲೂ 1963ರಲ್ಲಿ ಗ್ಲೆನ್ ಕ್ಯಾನಿಯನ್ ಅಣೆಕಟ್ಟು ನೀರು ತಡೆದ ಮೇಲೆ ಗ್ರ್ಯಾಂಡ್ ಕ್ಯಾನಿಯನ್ನಿನ ಹರಿವು ಗೇಟಿನ ಅಧೀನವಾಯಿತು, ಪೊವೆಲ್ ಹಾದುಬಂದ ಒಂದು ಕಮರಿಯೇ ಹಿನ್ನೀರಿನಲ್ಲಿ ಮುಳುಗಿತು. ಆದರೆ ಅಲ್ಲಿ ದೋಣಿಗೆ ಇಳಿಯುವವರು ಎಷ್ಟು ನೀರು ಬರುತ್ತಿದೆ ಎಂಬುದನ್ನು ಮೊದಲೇ ತಿಳಿದು ಇಳಿಯುತ್ತಾರೆ. ಅನುಮತಿಗೆ ಚೀಟಿ ಎತ್ತುವ ಪದ್ಧತಿಯಿದೆ, ವರ್ಷಗಟ್ಟಲೆ ಕಾದವರಿದ್ದಾರೆ.

ತಿಳಿನೀಲಿ ಆಕಾಶದ ಕೆಳಗೆ ನೀರು ಕೊಲ್ಲಬಲ್ಲದು ಎಂಬುದಕ್ಕೆ ಅತ್ಯಂತ ನೋವಿನ ಉದಾಹರಣೆ ಅರಿಜೋನಾದ ಆಂಟಲೋಪ್ ಕ್ಯಾನಿಯನ್. 1997ರ ಆಗಸ್ಟ್ 12ರಂದು ದೂರದಲ್ಲೆಲ್ಲೋ ಬಿದ್ದ ಮಳೆಯ ನೀರು ಆ ಕಿರಿದಾದ ಸಂದಿಗೆ ನುಗ್ಗಿ 11 ಜನ ಸತ್ತರು. ನಮೀಬಿಯಾದ ಫಿಶ್ ರಿವರ್ ಕ್ಯಾನಿಯನ್ನಿನಲ್ಲಿ ಎಂಬತ್ತೈದು ಕಿಲೋಮೀಟರಿನಷ್ಟು ನಡಿಗೆಗೆ ಮೇ 1ರಿಂದ ಸೆಪ್ಟೆಂಬರ್ ನಡುವಿನವರೆಗೆ ಮಾತ್ರ ಬಿಡುತ್ತಾರೆ, ವೈದ್ಯರ ಪ್ರಮಾಣಪತ್ರ ಕೇಳುತ್ತಾರೆ. ಬಿಸಿಲು ಮತ್ತು ಹಠಾತ್ ಪ್ರವಾಹ, ಎರಡಕ್ಕೂ ಅಂಜಿ ಮಾಡಿದ ನಿಯಮವದು. ಹಂಪಿ ಸುತ್ತ ಪ್ರತಿ ವರ್ಷ ಬಂಡೆಯಿಂದ ನೀರಿಗೆ ಹಾರಿ, ಈಜಲು ಇಳಿದು ಕೊಚ್ಚಿಹೋದವರ ಸುದ್ದಿ ಬರುತ್ತದೆ. ಮೇಲೆ ನಿಶ್ಚಲವಾಗಿ ಕಾಣುವ ನೀರಿನಡಿ ಬಂಡೆಗಳ ಪೊಟರೆಗಳಿವೆ, ಸೆಳೆತವಿದೆ, ಮೊಸಳೆಗಳೂ ಇವೆ. ದರೋಜಿಯ ಕರಡಿಧಾಮ 1994ರಲ್ಲಿ ಘೋಷಣೆಯಾದದ್ದು ಸುಮ್ಮನೆ ಅಲ್ಲ. ಈ ಬಂಡೆಗುಡ್ಡಗಳು ಕರಡಿ, ಚಿರತೆಗಳ ಮನೆ. ನಸುಕಿನಲ್ಲಿ, ಮುಸ್ಸಂಜೆಯಲ್ಲಿ ಗುಡ್ಡದ ಸಂದಿಗಳಲ್ಲಿ ಒಬ್ಬರೇ ಅಲೆಯುವುದು ತರವಲ್ಲ.

ಅಣೆಕಟ್ಟಿನ ಬುಡದಿಂದ ಕಂಪ್ಲಿ ಸೇತುವೆಯವರೆಗಿನ 34 ಕಿಲೋಮೀಟರ್ ನದಿಯನ್ನು 2015ರಲ್ಲಿ ನೀರುನಾಯಿ ಸಂರಕ್ಷಣಾ ಮೀಸಲು ಪ್ರದೇಶವೆಂದು ಸರ್ಕಾರ ಘೋಷಿಸಿತು. ದೇಶದಲ್ಲೇ ಇಂಥದ್ದು ಮೊದಲು. ನುಣುಪು ತೊಗಲಿನ ಈ ಪ್ರಾಣಿಗಳು ಬಂಡೆಗಳ ನಡುವಿನ ಹುಲ್ಲು, ಜೊಂಡು, ಮಡುಗಳನ್ನು ನೆಚ್ಚಿ ಬದುಕುತ್ತವೆ. ಸಿಡಿಮದ್ದು ಹಾಕಿ ಮೀನು ಹಿಡಿಯುವುದು, ಮರಳು ತೆಗೆಯುವುದು ಅವುಗಳ ಬದುಕಿಗೆ ನೇರ ಏಟು. ದೋಣಿವಿಹಾರ ಹೇಗಿರಬೇಕು ಎಂಬ ಚರ್ಚೆಯಲ್ಲಿ ನೀರುನಾಯಿಯ ಪಾಲೂ ಇದೆ: ಮೋಟಾರಿಲ್ಲದ ಹರಿಗೋಲು ಈ ನದಿಗೆ ಸರಿಹೊಂದುವ ಏಕೈಕ ವಾಹನ.

ಕಾಯಿದೆಯ ಕಡೆ ನೋಡಿದರೆ ಗೊಂದಲ ಕಾಣುತ್ತದೆ. 2021ರಲ್ಲಿ ವಿಜಯನಗರ ಜಿಲ್ಲೆ ಆದಮೇಲೆ ಹೊಸಪೇಟೆ, ಹಂಪಿ ಅದಕ್ಕೆ ಸೇರಿದವು. ಸಂಡೂರು, ಕಂಪ್ಲಿ ಬಳ್ಳಾರಿಯಲ್ಲೇ ಉಳಿದವು. ನದಿಯ ಆಚೆದಂಡೆಯ ಆನೆಗೊಂದಿ, ಸಣಾಪುರ ಕೊಪ್ಪಳ ಜಿಲ್ಲೆ. ಒಂದೇ ಹರಿವಿಗೆ ಮೂರು ಜಿಲ್ಲಾಧಿಕಾರಿಗಳು. ಜೊತೆಗೆ ತುಂಗಭದ್ರಾ ಮಂಡಳಿ, ಅರಣ್ಯ ಇಲಾಖೆ, ಪುರಾತತ್ವ ಇಲಾಖೆ, 2002ರ ಕಾಯಿದೆಯಿಂದ ಬಂದ ಹಂಪಿ ವಿಶ್ವ ಪರಂಪರೆ ಪ್ರದೇಶ ನಿರ್ವಹಣಾ ಪ್ರಾಧಿಕಾರ. 1986ರಲ್ಲಿ ಯುನೆಸ್ಕೊ ಪಟ್ಟಿ ಸೇರಿದ ಹಂಪಿ 1999ರಿಂದ 2006ರವರೆಗೆ ಅಪಾಯದಲ್ಲಿರುವ ತಾಣಗಳ ಪಟ್ಟಿಯಲ್ಲೂ ಇತ್ತು. ಆನೆಗೊಂದಿಗೆ ಕಟ್ಟುತ್ತಿದ್ದ ಸೇತುವೆ 2009ರ ಜನವರಿಯಲ್ಲಿ ಕುಸಿದು ಕಾರ್ಮಿಕರು ಜೀವ ಕಳೆದುಕೊಂಡರು. ಹಂಪಿಯೆದುರಿನ ನಡುಗಡ್ಡೆಯಾದ ವಿರೂಪಾಪುರ ಗಡ್ಡೆಯ ರೆಸಾರ್ಟುಗಳನ್ನು 2020ರಲ್ಲಿ ಸುಪ್ರೀಂ ಕೋರ್ಟ್ ತೀರ್ಪಿನ ನಂತರ ಕೆಡವಲಾಯಿತು. ತೀರ್ಪು ಸರಿಯಾದದ್ದೇ, ಆದರೆ ಅಲ್ಲಿಗೆ ಜನರನ್ನು ದಾಟಿಸಿ ಹೊಟ್ಟೆ ಹೊರೆಯುತ್ತಿದ್ದ ಅಂಬಿಗರಿಗೆ ಬದಲಿ ದಾರಿ ತೋರಿಸುವ ಹೊಣೆಯೂ ತೀರ್ಪಿನ ಜೊತೆಗೇ ಬರಬೇಕಿತ್ತು.

ನೆರೆನಾಡುಗಳಲ್ಲಿ ಕಲಿಯಲು ಒಳ್ಳೆಯ, ಕೆಟ್ಟ ಮಾದರಿಗಳೆರಡೂ ಇವೆ. ನಂದಿಬೆಟ್ಟದ ಸೀಮೆಯಲ್ಲಿ ಹುಟ್ಟುವ ಉತ್ತರ ಪಿನಾಕಿನಿ, ಆಂಧ್ರದಲ್ಲಿ ಪೆನ್ನಾ ಎನಿಸಿಕೊಂಡು, ಕಡಪ ಜಿಲ್ಲೆಯ ಗಂಡಿಕೋಟದಲ್ಲಿ ಎರ್ರಮಲ ಬೆಟ್ಟವನ್ನು ಕೊರೆದಿದೆ. ಕೆಂಪುಕಲ್ಲಿನ ಆ ಕಮರಿಗೆ ಈಗ ಬೆಂಗಳೂರಿನಿಂದ ವಾರಾಂತ್ಯಕ್ಕೆ ಜನ ಮುಗಿಬೀಳುತ್ತಾರೆ. ಜಾರುವ ಅಂಚಿನ ಬಂಡೆಯೇ ಫೋಟೊ ತೆಗೆಯುವ ಜಾಗವಾಗಿದೆ. ಕಾವೇರಿಯ ಹೊಗೇನಕಲ್‌ನಲ್ಲಿ ಕಮರಿಯೊಳಗೆ ಹರಿಗೋಲಿನ ಪಯಣ ದಶಕಗಳಿಂದ ನಡೆದಿದೆ. ಹರಿವು ಏರಿದೊಡನೆ ನಿಲ್ಲಿಸುವ ಶಿಸ್ತು ಅಲ್ಲಿ ಬೇರೂರಿದೆ. ಹಂಪಿಯಲ್ಲೂ ನದಿ ಉಕ್ಕಿದಾಗ ಹರಿಗೋಲು ನಿಲ್ಲಿಸುತ್ತಾರೆ, ನಿಜ. ಆದರೆ ನದಿ ಏರುವ ಮೊದಲೇ, ಗೇಟು ತೆರೆಯುವ ತೀರ್ಮಾನವಾದ ಗಳಿಗೆಯಲ್ಲೇ, ತಳವಾರಘಟ್ಟದಿಂದ ಕಂಪ್ಲಿವರೆಗೆ ಎಲ್ಲ ಘಟ್ಟಗಳಿಗೂ ಕನ್ನಡದಲ್ಲಿ ಸುದ್ದಿ ಮುಟ್ಟುವಂತಾಗಬೇಕು. ಹರಿಗೋಲಿಗೆ ಪರವಾನಗಿ, ಕೂರುವವರ ಮಿತಿ, ತೇಲುಕವಚ ಕಡ್ಡಾಯವಾಗಬೇಕು. ಈ ಮೂರನ್ನೂ ಮೂರು ಜಿಲ್ಲೆಗಳು ಒಂದೇ ಆದೇಶದಲ್ಲಿ ತರಬಹುದು. ಸಂಡೂರಿನ ಎರಡು ಗಂಡಿಗಳನ್ನು ಶಿಲಾಪರಂಪರೆಯ ತಾಣಗಳೆಂದು ಗುರುತಿಸಿ, ಗಣಿ ಗುತ್ತಿಗೆಯ ನಕ್ಷೆಯಿಂದ ಶಾಶ್ವತವಾಗಿ ಹೊರಗಿಡುವುದು ಇದಕ್ಕಿಂತ ಕಠಿಣ ಕೆಲಸ, ಆದರೆ ಇದಕ್ಕಿಂತ ಮುಖ್ಯವಾದದ್ದು. ಒಮ್ಮೆ ಸಿಡಿಸಿದ ಗೋಡೆಯನ್ನು ಯಾವ ಪುನಶ್ಚೇತನ ಯೋಜನೆಯೂ ಮರಳಿ ಕಟ್ಟದು.

ಹೊಸಪೇಟೆಗೆ ಬಂದು ಹಂಪಿಗೆ ಎರಡು ದಿನ ಇಟ್ಟುಕೊಳ್ಳುವವರು ಸಂಡೂರಿಗೂ ಒಂದು ದಿನ ಇಟ್ಟುಕೊಳ್ಳಿ. ಸೆಪ್ಟೆಂಬರಿನಿಂದ ಫೆಬ್ರುವರಿಯೊಳಗೆ ಬನ್ನಿ, ಊರಿನವರೊಬ್ಬರನ್ನು ಜೊತೆಗೆ ಕರೆದುಕೊಳ್ಳಿ, ಅವರ ದಿನಗೂಲಿಯನ್ನು ಚೌಕಾಸಿ ಮಾಡದೆ ಕೊಡಿ. ನದಿಗೆ ಹೋಗುವ ಮುನ್ನ ಅಣೆಕಟ್ಟಿನಿಂದ ಎಷ್ಟು ನೀರು ಬಿಟ್ಟಿದ್ದಾರೆಂದು ಕೇಳಿ. ಅಂಬಿಗ ಇವತ್ತು ಬೇಡ ಎಂದರೆ, ಆ ದಿನ ದಂಡೆಯ ಮೇಲೆಯೇ ಇರಿ.